ಖಾರದ ಕೈ

ಟಿಬಿ ಪೂರ್ತಿ ವಾಸಿಯಾಗಿದೆ ಎಂದು ಹಾವೇರಿಯ ಡಾಕ್ಟರು ಹೇಳಿದಾಗ ಸಲ್ಮಾ ಬೇರೆ ಯಾರದೋ ಸುದ್ದಿ ಕೇಳಿದವಳಂತೆ ತಲೆಯಾಡಿಸಿದಳು. ಇನ್ನು ಯಾರಿಗೂ ಅಂಟುವುದಿಲ್ಲ, ಮಗಳನ್ನು ಪಕ್ಕದಲ್ಲೇ ಮಲಗಿಸಿಕೊಳ್ಳಮ್ಮ ಎಂದೂ ಅಂದರು. ಜೊತೆಗಿದ್ದ ಅತ್ತೆ ಮಕ್ತುಮಬಿ ಬ್ಯಾಡಗಿಯ ಬಸ್ಸಿಳಿದವಳೇ ಓಣಿಗೆಲ್ಲ ಸಾರಿದಳು.

ಸಲ್ಮಾ ಜಡ್ಡು ಬಿದ್ದಾಗಿನಿಂದ ಮಗಳು ಮುಸ್ಕಾನ್ ಮಲಗುವುದು ಅಜ್ಜಿಯ ಹಾಸಿಗೆಯಲ್ಲಿ. ತಾಯಿ ಈಗ ಕರೆದಾಳು, ಆಗ ಕರೆದಾಳು ಎಂದು ಮಕ್ತುಮಬಿ ಕಾದದ್ದೇ ಬಂತು. ಸಲ್ಮಾ ಮಗಳನ್ನು ಕರೆಯುವುದು ಬಿಟ್ಟು ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸಕ್ಕೆ ಹೊರಟಳು. ಈಗಷ್ಟೇ ಸುಧಾರಿಸಿದ ಎದೆ, ಆ ಘಾಟು ಬೇಡ ಎಂದರೂ ಕೇಳಲಿಲ್ಲ.

ಅಲ್ಲಿ ಪಕ್ಕದಲ್ಲಿ ಕೂತ ಗುಡ್ಡವ್ವ ಕೆಮ್ಮಿ ಕೆಮ್ಮಿ ಕಣ್ಣೊರೆಸಿಕೊಂಡು, "ಏನಬೇ ಸಲ್ಮಾ, ನಿನ್ನ ಕೆಮ್ಮಿಗೆ ನಾವು ಹೆದರತಿದ್ವಿ. ಈಗ ನಾವೆಲ್ಲಾ ಕೆಮ್ಮಾಕತ್ತೇವಿ, ನೀ ಒಬ್ಬಾಕೀನ ಗಪ್ ಕುಂತೀಯಲ್ಲ!" ಎಂದಳು. ಹೆಂಗಸರು ಬಿದ್ದು ಬಿದ್ದು ನಕ್ಕರು. ಸಲ್ಮಾ ತುಟಿಯನ್ನಷ್ಟೇ ಅಗಲಿಸಿದಳು.

ತೊಟ್ಟು ಬಿಡಿಸಿದವರ ಕೈ ಸಂಜೆಗೆ ಹೇಗಿರುತ್ತದೆಂದು ಆ ಊರಲ್ಲಿ ಯಾರಿಗೂ ಹೇಳಿಕೊಡಬೇಕಿಲ್ಲ. ಎಷ್ಟು ತೊಳೆದರೂ ಉರಿ. ಮಗುವಿನ ಕೆನ್ನೆ ಸವರಿದರೆ ಮಗು ಚೀರಿಯೇ ಚೀರುತ್ತದೆ. ಮುಸ್ಕಾನ್ ಓಡಿ ಬಂದಾಗಲೆಲ್ಲ ಸಲ್ಮಾ ಕೈ ಬೆನ್ನಿಗಿಟ್ಟು, "ಖಾರದ ಕೈ ಐತಿ, ಹತ್ರ ಬರಬ್ಯಾಡ" ಅನ್ನುತ್ತಿದ್ದಳು. ಮಾತಿನಲ್ಲಿ ತಪ್ಪು ಹಿಡಿಯುವಂತಿರಲಿಲ್ಲ. ಅವಳ ಮೈಗೆ ಏನಾದರೂ ಗೊತ್ತಾಗುತ್ತಿದ್ದರೆ ಅದೂ ಆ ಉರಿಯೊಂದೇ.

ಮಾರ್ಕೆಟ್ ಬಂದ್ ಇದ್ದ ದಿನ ಹುಡುಗಿ ಬಾಚಣಿಕೆ ಹಿಡಿದು ಬಂದಿತು. "ಅಮ್ಮೀ, ಇವತ್ತ ಕೈ ಖಾರ ಇಲ್ಲಲ್ಲ. ಜಡಿ ಹಾಕು."

"ತಡಿ" ಎಂದು ಸಲ್ಮಾ ಅಡಿಗೆಮನೆಗೆ ಹೋಗಿ, ಡಬ್ಬಿಯಿಂದ ಒಂದು ಹಿಡಿ ಮೆಣಸಿನಕಾಯಿ ತೆಗೆದು ಮುಷ್ಟಿಯಲ್ಲಿ ಹಿಸುಕತೊಡಗಿದಳು. ಬಾಗಿಲಲ್ಲಿ ಮಕ್ತುಮಬಿ ನಿಂತಿದ್ದಳು.

"ಏನ್ ಮಾಡಾಕತ್ತೀ? ಅಂಟೂದಿಲ್ಲ ಅಂತ ಡಾಕ್ಟರು ಹೇಳಿದ್ದು ನಾನೂ ಕೇಳೇನಿ. ಇನ್ನೂ ಹೆದರಿಕೀನ?"

"ಅಂಟತೈತಂತ ಅಲ್ರಿ ಅತ್ತಿ." ಸಲ್ಮಾಳ ದನಿ ಏರಲೂ ಇಲ್ಲ, ಇಳಿಯಲೂ ಇಲ್ಲ. "ಮುಟ್ಟಿದ್ರ ಏನೂ ಅನಸ್ಲಿಲ್ಲಂದ್ರ? ಹಡದ ಮಗಳು, ಬಾಗಲಾ ಮುಟ್ಟಿಧಂಗ ಆತಂದ್ರ?"

ಮಕ್ತುಮಬಿ ಅವಳ ಮುಷ್ಟಿ ಬಿಡಿಸಿ ಮೆಣಸಿನಕಾಯಿಯನ್ನು ಡಬ್ಬಿಗೆ ಹಾಕಿದಳು. ಆಮೇಲೆ ಸೊಸೆಯ ಕೈ ಎಳೆದುಕೊಂಡು, ಮಜ್ಜಿಗೆ ಹಾಕಿ, ಸೋಪು ಹಚ್ಚಿ, ಪಾತ್ರೆ ತಿಕ್ಕಿದಂತೆ ತಿಕ್ಕಿದಳು.

"ಇದೂ ಒಂದು ಜಡ್ಡನ. ಡಾಕ್ಟರ ಮುಂದ ಇದನ್ನೂ ಹೇಳೂಣು, ನಾಳೇನ ಹೋಗೂಣು. ಈಗ ಹುಡುಗೀ ತಲಿ ಸಿಕ್ಕಾಗೇತಿ. ಜಡಿ ಹಾಕಾಕ ಏನೂ ಅನಸಬೇಕಾಗಿಲ್ಲ ಯವ್ವಾ, ಕೈ ಇದ್ರ ಸಾಕು."

ಸಲ್ಮಾ ಮಗಳ ಹಿಂದೆ ಕೂತು ಕೂದಲನ್ನು ಮೂರು ಪಾಲು ಮಾಡಿ ಹೆಣೆದಳು. ಏನೂ ಅನಿಸಲಿಲ್ಲ.

ಮುಸ್ಕಾನ್ ಹಿಂದಕ್ಕೆ ಕೈ ಹಾಕಿ ತಡವಿ ನೋಡಿತು. "ಸೊಟ್ಟ ಆಗೇತಿ ಅಮ್ಮೀ."

"ಹೌದನ?" ಎಂದು ಸಲ್ಮಾ ಬಿಚ್ಚಿ, ಮತ್ತೆ ಮೊದಲಿನಿಂದ ಹಾಕತೊಡಗಿದಳು.