ರಿವಾಲ್ವರ್ ಸ್ವಾಮಿ

ಗೋಡೆಗೆ ಒರಗಿಸಿ ಕೂರಿಸಿದ್ದ ಗಂಡನ ತಲೆ ಬಲಕ್ಕೆ ವಾಲುತ್ತಲೇ ಮಲ್ಲಾಜಮ್ಮ ಎದ್ದು ನೇರ ಮಾಡಿದಳು. ಹಣೆಯ ವಿಭೂತಿ ಅವಳ ಕೈಗಂಟಿತು.

"ಗುಂಡಿ ತೋಡಿ ಆಯ್ತಂತೆ ಕಣವ್ವ. ಅಯ್ಯನೋರೂ ಬಂದವ್ರೆ. ಇನ್ನ ಯಾರ್ಗ್ ಕಾಯಾದು?" ಮಗ ನಂಜೇಶ ಮೊಬೈಲು ಕಿಸೆಗೆ ಹಾಕುತ್ತ ಕೇಳಿದ.

"ವಸಿ ತಡಿ ಮಗ. ಮೈಸೂರ್ ಶೂಟಿಂಗ್ ಕ್ಲಬ್ಬಿಗೆ ಫೋನ್ ಮಾಡ್ಸಿವ್ನಿ. ಗುರಿ ಒಡ್ಯೋರು ಯಾರಾರ ಒಬ್ರು ಬತ್ತಾರೆ."

ನಾದಿನಿ ಕೆಂಪಾಜಮ್ಮ ಸೆರಗಿನಲ್ಲಿ ಮೂಗೊರೆಸಿಕೊಂಡಳು. "ನಮ್ಮಣ್ಣ ಬದ್ಕಿದ್ದಾಗ್ಲೇ ಒಬ್ರೂ ಈ ಒಸ್ಲು ತುಳೀನಿಲ್ಲ ಅತ್ಗೆಮ್ಮ. ರಿವಾಲ್ವರ್ ನೆನಸ್ಕೊಂಡ್ ಬಂದೋನು ಆ ಪೊಲೀಸಪ್ಪ ಒಬ್ನೇಯ."

ಅದು ನಿಜ. ಲೈಸೆನ್ಸ್ ಇದ್ದವರು ತೀರಿಕೊಂಡ ಮೇಲೆ ಮನೆಯಲ್ಲಿ ಇಡುವಂತಿಲ್ಲವೆಂದು ಠಾಣೆಯ ಪೇದೆ ಬೆಳಿಗ್ಗೆಯೇ ರಿವಾಲ್ವರನ್ನು ಒಯ್ದಿದ್ದ. ಅದು ಹೋದದ್ದಕ್ಕೆ ಮಲ್ಲಾಜಮ್ಮನಿಗೆ ಸಂಕಟವಾಗಲಿಲ್ಲ. ಅದನ್ನು ಹಿಡಿದು ನಿಂತ ಗಂಡನನ್ನು ತಾನು ಒಮ್ಮೆಯೂ ಕಂಡಿರಲಿಲ್ಲ. ಕಂಡವರು ಒಬ್ಬರಾದರೂ ಬಾರದೆ ಅವನನ್ನು ಮಣ್ಣಿಗಿಳಿಸಲು ಮನಸ್ಸು ಒಪ್ಪಲಿಲ್ಲ.

*

ಒಂದು ಆಯುಧಪೂಜೆಗೆ ಅವಳು ರಿವಾಲ್ವರಿಗೆ ಧಾರಾಳವಾಗಿ ಅರಿಶಿನ ಕುಂಕುಮ ಬಳಿದಿದ್ದಳು. ಪುಡಿ ಸಂದಿಗಿಳಿದು, ಮುಂದಿನ ಪಂದ್ಯದಲ್ಲಿ ಗುಂಡು ತುಂಬುವ ಗಾಲಿ ತಿರುಗದೆ ಕಚ್ಚಿಕೊಂಡಿತು. ಕ್ಲಬ್ಬಿನಲ್ಲಿ ಆಗಲೇ ಎಲ್ಲರೂ ರಿವಾಲ್ವರ್ ಬಿಟ್ಟು ಪಿಸ್ತೂಲಿಗೆ ಹೊರಳುತ್ತಿದ್ದರು. ಗಂಡ ಗಂಗಾಧರಸ್ವಾಮಿ ಮನೆಗೆ ಬಂದು, ಹಲ್ಲುಜ್ಜುವ ಬ್ರಷ್ಷಿನಲ್ಲಿ ಕೆಂಪು ಪುಡಿ ಕೆದಕುತ್ತ ಕುಳಿತ.

"ಎಲ್ರೂ ನಕ್ರಾ?"

"ನಗದೆ ಇದ್ದಾರಾ? ರಿವಾಲ್ವರ್ ಯಾವತ್ತೂ ಕೈಕೊಡಲ್ಲ ಅಂತ ಸಾರ್ಕೊಂಡ್ ಬಂದೋನೇ ನಾನು."

"ನೀವೂ ಪಿಸ್ತೂಲ್ ತಕ್ಕಬಾರ್ದಾ?"

"ಅದು ಥೇಟ್ ನಿನ್ನಂಗೆ ಕಣೆ. ಒಂದ್ ಗುಂಡು ಕಚ್ಕೊಂಡ್ರೆ ಮುನಿಸ್ಕೊಂಡ್ ಕೂತ್ಕತ್ತದೆ. ಇದಾದ್ರೆ ಇನ್ನೊಂದ್ಸತಿ ಬೆರಳಲ್ಲಿ ಕುದುರೆ ಎಳುದ್ರೆ ಸಾಕು, ಮುಂದಿನ್ ಗುಂಡು ತಾನೇ ಬತ್ತದೆ."

ವರ್ಷ ಕಳೆದಂತೆ ರಿವಾಲ್ವರ್ ಪಂದ್ಯಕ್ಕೆ ಹೆಸರು ಕೊಡುವವನು ಅವನೊಬ್ಬನೇ ಉಳಿದ. ಒಬ್ಬನಿಗಾಗಿ ಪಂದ್ಯ ಇಡಲಾಗದೆಂದು ನಿಲ್ಲಿಸಿಯೇಬಿಟ್ಟರು. ಆಮೇಲೂ ಬಸ್ಸು ಹತ್ತಿ ಹೋಗಿ, ಒಬ್ಬನೇ ಹೊಡೆದು ಬರುತ್ತಿದ್ದ. "ಯಾರ್ ಗೆದ್ರು?" ಎಂದು ಅವಳು ರೇಗಿಸಿದರೆ ಶರಟು ಬಿಚ್ಚಿ ಮೊಳೆಗೆ ಹಾಕುತ್ತಿದ್ದ.

*

ಹೆಗಲು ಕೊಡುವವರು ಎದ್ದು ನಿಂತಾಗ ಬಾಗಿಲಲ್ಲಿ ಮುದುಕನೊಬ್ಬ ಕಾಣಿಸಿಕೊಂಡ. ಏದುಸಿರು ಬಿಡುತ್ತಿದ್ದ.

"ನರಸೀಪುರದ ಚಿಕ್ಕಸ್ವಾಮಿ ಕಣಮ್ಮ. ಸ್ವಾಮಿಯೋರ್ ಜತೇಲಿ ರಿವಾಲ್ವರ್ ಒಡೀತಿದ್ದೆ. ಆಮ್ಯಾಕೆ ನಾನೂ ಪಿಸ್ತೂಲ್ ತಕ್ಕಂಡೆ. 'ನೀನೂ ಬಿಟ್ಟೋದ್ಯಾ' ಅಂದ್ರು. ಅದೇ ಕಡೇ ಮಾತು."

"ಒತ್ತಾಯ್ತದೆ, ಎತ್ರಪ್ಪಾ," ಎಂದಳು ಕೆಂಪಾಜಮ್ಮ.

ಮಲ್ಲಾಜಮ್ಮ ಗಂಡನಿಗೆ ಅಡ್ಡವಾಗಿ ನಿಂತಳು. "ಅವ್ರು ಎಂಗ್ ಒಡೀತಿದ್ರು? ವಸಿ ತೋರ್ಸಣ್ಣ."

ಚಿಕ್ಕಸ್ವಾಮಿ ಕೂಡಿದ್ದ ಜನರನ್ನೊಮ್ಮೆ ನೋಡಿದ. ಚಪ್ಪಲಿ ಬಿಟ್ಟು ಅಂಗಳದ ನಡುವೆ ಹೋಗಿ ಓರೆಯಾಗಿ ನಿಂತ. ಎಡಗೈಯನ್ನು ಸೊಂಟಕ್ಕೆ ಕೊಟ್ಟ. ಬರಿಯ ಬಲಗೈ ನಿಧಾನವಾಗಿ ಮೇಲೆದ್ದು ಬೇವಿನ ಮರದತ್ತ ಚಾಚಿತು. ಅಲ್ಲೇ ಕಲ್ಲಿನಂತೆ ನಿಂತಿತು. ಅಯ್ಯನವರು ಗಂಟೆಯನ್ನು ಅಂಗೈಯಲ್ಲಿ ಅದುಮಿ ಹಿಡಿದರು.

ತೋರುಬೆರಳು ಇಷ್ಟಿಷ್ಟೇ ಮಡಚಿಕೊಳ್ಳುತ್ತ ಬಂತು.

ಮಲ್ಲಾಜಮ್ಮ ಎರಡೂ ಕಿವಿ ಮುಚ್ಚಿಕೊಂಡಳು.