ರಾಫೆಲನ ಮೂಗಿಗೆ ಹಿಡಿದ ಬೂಷ್ಟು

ಕತಾರಿನ ತೈಲದೂರು ದುಖಾನಿನಲ್ಲಿ ಮರಳುಗಾಳಿ ಎದ್ದರೆ ಯಾರ ಮೂಗು ಕಟ್ಟುವುದಿಲ್ಲ? ದೋಹಾದಲ್ಲಿ ಏಷ್ಯನ್ ಗೇಮ್ಸ್ ಮುಗಿದ ಮರುಬೇಸಿಗೆಯಲ್ಲಿ ಮೂಗು ಕಟ್ಟಿದಾಗ, ತೈಲ ಕಂಪನಿಯ ಗುಮಾಸ್ತ ರಾಫೆಲನೂ ಹಾಗೆಯೇ ಅಂದುಕೊಂಡ. ಆದರೆ ಚಳಿಗಾಲ ಬಂದರೂ ಬಲಮೂಗು ಬಿಡಲಿಲ್ಲ. ಅಲರ್ಜಿ ಗುಳಿಗೆ ನುಂಗಿದ, ಸ್ಪ್ರೇ ಹೊಡೆದ. ಕೊನೆಗೆ ಬಲಗಣ್ಣು ತುಸು ಮುಂದಕ್ಕೆ ಉಬ್ಬಿ ಬಂತು.

"ಡಾಕ್ಟರಿಗೆ ತೋರಿಸುವ," ಅಂದಳು ಹೆಂಡತಿ ಟ್ರೀಸಾ.

"ಸೈನಸ್‌ಗೆ ಎಂತದ್ದು ಡಾಕ್ಟರು? ಪ್ರತಿ ಶುಕ್ರವಾರ ಫುಟ್‌ಬಾಲ್ ಆಡುವವ ನಾನು. ಶುಗರ್ ಇಲ್ಲ, ಬಿಪಿ ಇಲ್ಲ."

ಟ್ರೀಸಾ ವಾದಕ್ಕಿಳಿಯದೆ ಪಕ್ಕದ ಮನೆಯ ನರ್ಸ್ ಅಗಾತಾ ಬಾಯಿಯನ್ನು ಕರೆತಂದಳು. ಅವರು ರಾಫೆಲನ ಮುಖವನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ನೋಡಿದರು.

"ಒಂದೇ ಬದಿಯ ಮೂಗು, ಅದೇ ಬದಿಯ ಕಣ್ಣು. ಇದು ಬರೇ ಧೂಳಿನದ್ದಲ್ಲ ರಾಫೆಲ್ ಬಾಬ್. ನಾಳೆಯೇ ದೋಹಾಕ್ಕೆ ಹೋಗಿ."

ದೋಹಾದ ಆಸ್ಪತ್ರೆಯ ಸ್ಕ್ಯಾನಿನಲ್ಲಿ ಗಡ್ಡೆಯೊಂದು ಕಂಡಿತು. ಅದು ಕಣ್ಣಿನ ಗೂಡಿನತ್ತ ನುಗ್ಗುತ್ತಿತ್ತು. ಕ್ಯಾನ್ಸರೇ ಇರಬೇಕೆಂದುಕೊಂಡ ರಾಫೆಲ್. ಮನೆಗೆ ಬಂದವನು, ತನ್ನ ರೋಗ ಅಂಟೀತೆಂದು ಪುಟ್ಟ ಮಗಳು ಮೈರಾಳನ್ನು ಮುಟ್ಟಲೂ ಹೆದರಿದ. ಆ ಆಸ್ಪತ್ರೆಯ ಡಾಕ್ಟರ್ ದೊರೆಸ್ವಾಮಿ ಗಡ್ಡೆಯ ಚೂರು ತೆಗೆದು, ಕ್ಯಾನ್ಸರ್ ಪರೀಕ್ಷೆಗಷ್ಟೇ ಅಲ್ಲ, ಫಂಗಸ್ ಪರೀಕ್ಷೆಗೂ ಕಳಿಸಿದ್ದರು.

"ಕ್ಯಾನ್ಸರ್ ಅಲ್ಲ," ಅಂದರು ಅವರು, ವರದಿ ಬಂದ ಮೇಲೆ. "ಫಂಗಸ್. ಬ್ರೆಡ್ಡಿಗೆ ಬೂಷ್ಟು ಹಿಡಿಯುತ್ತಲ್ಲ, ಅಂಥದ್ದೇ ಒಂದು ಜಾತಿ."

"ಗಟ್ಟಿಮುಟ್ಟಾಗಿದ್ದ ನನಗೆ ಯಾಕೆ ಬಂತು ಡಾಕ್ಟ್ರೇ?"

"ತುಂಬಾ ಅಪರೂಪ. ಆದ್ರೆ ಆರೋಗ್ಯವಾಗಿರೋರಿಗೂ ಬರುತ್ತೆ. ಒಬ್ಬರಿಂದ ಒಬ್ಬರಿಗೆ ಅಂಟೋದಿಲ್ಲ, ಮಗಳನ್ನ ಧೈರ್ಯವಾಗಿ ಎತ್ಕೊಳ್ಳಿ. ಮಾಮೂಲಿ ಆಂಟಿಬಯಾಟಿಕ್‌ಗೆ ಮಾತ್ರ ಇದು ಬಗ್ಗೋದಿಲ್ಲ."

ಆಪರೇಷನ್ ಆಯಿತು. ಫಂಗಸ್ಸಿಗೆಂದೇ ಇರುವ ಗುಳಿಗೆ ಶುರುವಾಯಿತು. ಕೆಲವೇ ವಾರಗಳಲ್ಲಿ ಮೂಗು ಬಿಟ್ಟಿತು, ಉಬ್ಬು ಇಳಿಯಿತು. "ಖಲಾಸ್. ಇನ್ನು ಗುಳಿಗೆ ಬೇಡ, ನುಂಗಿದರೆ ಕಣ್ಣು ಮಂಜಾಗ್ತದೆ," ಎಂದು ಹಟ ಹಿಡಿದ ರಾಫೆಲ್.

ಅಗಾತಾ ಬಾಯಿ ನಕ್ಕರು. "ಗರಿಕೆಯನ್ನು ಮೇಲಿಂದ ಕೊಯ್ದರೆ ಸಾಯ್ತದಾ ಬಾಬ್? ಬೇರು ಒಳಗೇ ಉಂಟಲ್ಲ. ಕಣ್ಣು ಮಂಜಾಗುವುದನ್ನು ಡಾಕ್ಟರಿಗೆ ಹೇಳಿ. ನೀವೇ ನಿಲ್ಲಿಸಬೇಡಿ."

ರಾಫೆಲ್ ಹೇಳಿದ. ಡಾಕ್ಟರ್ ರಕ್ತ ಪರೀಕ್ಷೆ ಮಾಡಿಸಿ ಗುಳಿಗೆಯ ಪ್ರಮಾಣ ಇಳಿಸಿದರು, ಮಂಜು ಹೋಯಿತು. ತಿಂಗಳುಗಟ್ಟಲೆ ಒಂದು ಹೊತ್ತೂ ತಪ್ಪಿಸದೆ ಗುಳಿಗೆ ನುಂಗಿದ. ಮುಂದಿನ ಚಳಿಗಾಲದ ಸ್ಕ್ಯಾನಿನಲ್ಲಿ ಗಡ್ಡೆಯ ಸುಳಿವೇ ಇರಲಿಲ್ಲ. ಆ ಶುಕ್ರವಾರ ಅವನು ಮತ್ತೆ ಮೈದಾನಕ್ಕಿಳಿದ. ಟ್ರೀಸಾ ಮೈರಾಳನ್ನು ಎತ್ತಿಕೊಂಡು ಗೆರೆಯ ಪಕ್ಕ ನಿಂತಿದ್ದಳು.

ಬಂಧುಗಳೇ, ಮೂಗು ಕಟ್ಟಿದ್ದೆಲ್ಲ ಫಂಗಸ್ ಅಲ್ಲ, ಹೆದರಬೇಡಿ. ಆದರೆ ಒಂದೇ ಬದಿಯ ಮೂಗು ವಾರಗಟ್ಟಲೆ ಬಿಡದಿದ್ದರೆ ಕಿವಿ ಮೂಗು ಗಂಟಲಿನ ವೈದ್ಯರಿಗೆ ತೋರಿಸಿ. ಕಣ್ಣು ಉಬ್ಬಿದರೆ ಒಂದು ದಿನವೂ ಕಾಯಬೇಡಿ. "ಫಂಗಸ್ ಇರಬಹುದೇ?" ಎಂದು ಕೇಳಲು ನಾಚಬೇಡಿ. ಮೈಯಲ್ಲಿ ಕಸುವಿದೆ ಎಂದು ರೋಗದ ಗುರುತನ್ನು ಕಡೆಗಣಿಸಬೇಡಿ.