ಉಳಿದ ಹತ್ತು

“ಬಿಡ್ತಾನೇ ಇಲ್ಲ ಚಿಕ್ಕಮ್ಮಾ,” ಎನ್ನುತ್ತ ಮಗಳು ಸತ್ತ ತಾಯಿಯ ಬಲಗೈಯನ್ನು ಬಿಸಿನೀರಿನ ಬಟ್ಟೆಯಿಂದ ಮತ್ತೆ ಉಜ್ಜಿದಳು. ಮೈಯೆಲ್ಲ ತೊಳೆದಾಗಿತ್ತು. ಹೆಬ್ಬೆರಳು, ತೋರುಬೆರಳು ಮಾತ್ರ ಏನನ್ನೋ ಹಿಡಿದ ಹಾಗೆ ಬಿಗಿದುಕೊಂಡಿದ್ದವು. ಉಳಿದ ಮೂರು ಬೆರಳು ಸಡಿಲವಾಗಿಯೇ ಇದ್ದವು.

ಬಾಗಿಲಲ್ಲಿ ನಿಂತಿದ್ದ ನರ್ಸ್ ಆ ಹಿಡಿತವನ್ನು ನೋಡಿದೊಡನೆ ಗುರುತಿಸಿದಳು. ಮಕ್ಕಳ ಐಸಿಯುನಲ್ಲಿ ಹಿರಿಯ ನರ್ಸ್ ಆಗಿದ್ದು, ಅವಳಿಗೆ ಅದನ್ನು ಕಲಿಸಿಕೊಟ್ಟವಳೇ ಸತ್ತಾಕೆ. ಮಗುವಿನ ರಕ್ತನಾಳಕ್ಕೆ ಹಾಕಿದ ಕೊಳವೆಗೆ ಔಷಧಿ ಬಿಡುವ ಮೊದಲು ಅದರ ಬಾಯನ್ನು ಸ್ಪಿರಿಟ್ ಹತ್ತಿಯಲ್ಲಿ ಹಿಡಿದು, ಹದಿನೈದು ಎಣಿಸುವ ತನಕ ತಿಕ್ಕಬೇಕು. ಅವಳು ಗಟ್ಟಿಯಾಗಿ ಎಣಿಸುತ್ತಿದ್ದಳು. ಎಂಥೆಂಥ ಡಾಕ್ಟರೂ ಬಾಯಿ ಮುಚ್ಚಿಕೊಂಡು ಕಾಯಬೇಕಿತ್ತು. ಎಲ್ಲರ ಬಾಯಲ್ಲೂ ಅವಳು ‘ಹದಿನೈದಮ್ಮ’.

“ಏನು ಆಸೆ ಉಳಿದಿತ್ತೋ ಅಕ್ಕಂಗೆ,” ಎಂದಳು ಚಿಕ್ಕಮ್ಮ.

“ಆಸೆಯಂತೆ! ಮಗು ಕೊಂದ ಕೈ ಅಂತ ಊರೆಲ್ಲ ಆಡ್ಕೊಂಡಿದ್ದು ಸಾಲದಾ?” ಎಂದಳು ಮಗಳು.

ನರ್ಸ್ ಹೊಸ್ತಿಲು ದಾಟಿ ಒಳಗೆ ಬಂದಳು.

*

ಹನ್ನೊಂದು ವರ್ಷದ ಹಿಂದೆ, ಮೂರನೇ ಹಾಸಿಗೆಯಲ್ಲಿ ನಾಲ್ಕು ವರ್ಷದ ಹುಡುಗಿಯಿದ್ದಳು. ಪಕ್ಕದ ಹಾಸಿಗೆಯ ಯಂತ್ರ ಕೂಗಿಕೊಂಡಿತೆಂದು, ಆಗಷ್ಟೇ ಕೆಲಸಕ್ಕೆ ಸೇರಿದ್ದ ಈ ನರ್ಸ್ ಐದಕ್ಕೇ ತಿಕ್ಕುವುದನ್ನು ನಿಲ್ಲಿಸಿ ಔಷಧಿ ಬಿಟ್ಟಳು. ಎರಡನೇ ದಿನ ಚಳಿಜ್ವರ. ರಕ್ತಕ್ಕೆ ನಂಜೇರಿತ್ತು. ನಾಲ್ಕನೇ ದಿನ ಹಾಸಿಗೆ ಖಾಲಿಯಾಯಿತು.

ವಿಚಾರಣೆಯ ಕೋಣೆಯ ಹೊರಗೆ ಅವಳು ಹದಿನೈದಮ್ಮನ ಮುಂದೆ ಎಲ್ಲ ಹೇಳಿಕೊಂಡು ಅತ್ತಳು. ಹದಿನೈದಮ್ಮ ಒಳಗೆ ಹೋಗಿ, “ಆ ಕೊಳವೆ ಮುಟ್ಟಿದ್ದು ನಾನು,” ಎಂದಳು. ಹೊರಗೆ ಬರುವಷ್ಟರಲ್ಲಿ ಕೆಲಸ ಹೋಗಿತ್ತು.

“ಐದು ಆಯ್ತಲ್ಲ,” ಎಂದಳು. “ಉಳಿದ ಹತ್ತು ಎಣಿಸೋದು ನಿನ್ನ ಜವಾಬ್ದಾರಿ.”

ಅಂದಿನಿಂದ ನರ್ಸ್ ಒಮ್ಮೆಯೂ ಎಣಿಕೆ ತಪ್ಪಿಸಲಿಲ್ಲ. ನಿಜ ಹೇಳಲು ಮಾತ್ರ ನಾಳೆ, ನಾಳೆ ಎನ್ನುತ್ತಲೇ ಬಂದಳು.

*

“ಕೊಂದಿದ್ದು ಆ ಕೈಯಲ್ಲ,” ಎಂದು ನರ್ಸ್ ತನ್ನ ಬಲಗೈ ಚಾಚಿದಳು. “ಇದು.” ನಿಂತಲ್ಲೇ ಎಲ್ಲವನ್ನೂ ಹೇಳಿದಳು.

ಮಗಳು ಬೈಯಲಿಲ್ಲ. “ನನ್ನ ಮಗೂನ ಒಂದಿನಾನೂ ಅಮ್ಮನ ಈ ಕೈಗೆ ಕೊಡ್ಲಿಲ್ಲ ನಾನು,” ಎಂದಷ್ಟೇ ಹೇಳಿ ಬಟ್ಟೆಯನ್ನು ನೀರಿಗೆ ಬಿಟ್ಟಳು.

ನರ್ಸ್ ಪಕ್ಕದಲ್ಲಿ ಕೂತು, ಆ ಬಿಗಿದ ಬೆರಳುಗಳನ್ನು ಹಿಡಿದು ಮೆಲ್ಲಗೆ ತಿಕ್ಕಿದಳು.

“ಆರು. ಏಳು. ಎಂಟು.”

ಹನ್ನೊಂದರ ಹೊತ್ತಿಗೆ ಚಿಕ್ಕಮ್ಮ ಮಗಳ ತೋಳು ಹಿಡಿದುಕೊಂಡಳು. “ಜೊತೆಗೆ ಇನ್ನೊಂದು ದನಿ ಎಣಿಸ್ತಿದೆ... ನಿಂಗೂ ಕೇಳಿಸ್ತಿದೆಯಾ?”

ಮಗಳು ಹೌದೆಂದು ತಲೆಯಾಡಿಸಿದಳು. ನರ್ಸ್ ನಿಲ್ಲಿಸಲಿಲ್ಲ.

“ಹದಿನಾಲ್ಕು. ಹದಿನೈದು.”

ಬೆರಳುಗಳು ಬಿಟ್ಟುಕೊಂಡವು. ಬೆಳಗಿನಿಂದ ಬಿಸಿನೀರನ್ನಷ್ಟೇ ಕಂಡಿದ್ದ ಆ ಅಂಗೈಯಿಂದ ಸ್ಪಿರಿಟ್ ವಾಸನೆ ಎದ್ದು ಕೋಣೆಯನ್ನೆಲ್ಲ ತುಂಬಿತು.